ಗುಂಡಿಗೆ ಹಾಕಿದ ಟಾನಿಕ್

ಟಕ್. ಟಕ್. ಟಕ್.

ರಾತ್ರಿಯ ಊಟಕ್ಕೆ ತಟ್ಟೆ ಹಾಕುವ ಹೊತ್ತು. ಬಾಗಿಲು ತೆರೆದ ಮನೆಯ ಯಜಮಾನರನ್ನು ಸರಿಸಿಕೊಂಡೇ ಒಳನುಗ್ಗಿದ ಹೆಂಗಸು ನಡುಮನೆ ದಾಟಿ, ಹಿತ್ತಲ ಕೋಣೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತಳು. ಆಮೇಲಷ್ಟೇ ಉಸಿರು ಬಿಟ್ಟಳು.

"ಬಟ್ಟೆ ಮೆಷಿನ್ ಯಾರೂ ಮುಟ್ಟಬೇಡಿ!"

ಬಂದವಳು ಬೀದಿಗೆಲ್ಲ ವೈರಿಂಗ್ ಮಾಡುವವಳು. ಎಲ್ಲರ ಬಾಯಲ್ಲೂ 'ಕರೆಂಟಕ್ಕ'. ಈ ಮನೆಯ ಸೊಸೆ ಹಿತ್ತಲಲ್ಲಿ ಲಾಂಡ್ರಿ ನಡೆಸುತ್ತಾಳೆ. ಆಗಷ್ಟೇ ಫೋನಿನಲ್ಲಿ, "ಮೆಷಿನ್ ಮುಟ್ಟಿದ್ರೆ ಮೊಣಕೈ ತನಕ ಜುಮ್ ಅನ್ನುತ್ತೆ ಕಣಕ್ಕ" ಎಂದು ನಕ್ಕಿದ್ದಳು. ಕರೆಂಟಕ್ಕ ನಕ್ಕಿರಲಿಲ್ಲ.

"ಒಂಚೂರು ಜುಮ್ ಅಂದ್ರೆ ಊರು ಮುಳುಗುತ್ತಾ?" ಮಾವ ಗೊಣಗಿದರು. "ನಮ್ಮನೇಲಿ ಅರ್ಥಿಂಗ್ ಇದೆ ತಾಯಿ. ಜಿಂಕ್ ಲೇಪದ ಕಬ್ಬಿಣದ ಪೈಪು. ನಾನೇ ನಿಂತು ಹೂಳಿಸಿದ್ದು. ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

"ದೊಡ್ಡಪ್ಪ, ಮೆಷಿನ್ನಿನೊಳಗೆ ಎಲ್ಲೋ ವೈರು ಸವೆದಿದೆ. ಸೋರಿದ ಕರೆಂಟು ಆ ಪೈಪಿಂದ ಭೂಮಿಗೆ ಇಳೀಬೇಕು. ಇಳೀತಿಲ್ಲ. ನಿಮ್ಮ ಸೊಸೆಯ ಒದ್ದೆ ಕೈಯನ್ನೇ ದಾರಿ ಮಾಡ್ಕೊಂಡಿದೆ. ಇವತ್ತು ಜುಮ್. ನಾಳೆ?"

ಸೊಸೆ ತನ್ನ ಕೈಯನ್ನೇ ನೋಡಿಕೊಂಡಳು.

ಬೆಳಿಗ್ಗೆ ಪೈಪು ಹೂಳಿದ್ದ ಗುಂಡಿ ಅಗೆದರು. ಎರಡಡಿ ಇಳಿಯುವಷ್ಟರಲ್ಲಿ ಪೈಪು ಕೈಗೇ ಬಂತು. ಪೂರ್ತಿಯಲ್ಲ, ಮೊಳದುದ್ದದ ತುಂಡು. ಲೇಪದ ಹೊಳಪು ಮಾಯವಾಗಿತ್ತು. ಹಿಡಿದರೆ ಒಣಗಿದ ಎಲೆಯಂತೆ ಕೆಂಪಗೆ ಪುಡಿಯಾಗುತ್ತಿತ್ತು.

"ಪಕ್ಕದ ಮನೆ ಪೈಪೂ ಇದೇ ವಯಸ್ಸಿಂದು, ಕಲ್ಲಿನ ಹಾಗಿದೆ. ಇಲ್ಲಿಗೆ ಏನಾದ್ರೂ ಸುರಿದ್ರಾ?"

"ವಿಷ ಹಾಕ್ತೀನಾ?" ಮಾವ ಸಿಡುಕಿದರು. "ಟಾನಿಕ್ ಹಾಕಿದೀನಿ! ತಿಂಗಳಿಗೆ ಒಂದು ಬೊಗಸೆ, ಮೇಲೊಂದು ಬಿಂದಿಗೆ ನೀರು. ಹಳೇ ಮೇಸ್ತ್ರಿ ಹೇಳಿಕೊಟ್ಟಿದ್ದು."

ಟಾನಿಕ್ಕಿನ ಡಬ್ಬ ಅಡುಗೆಮನೆಯಿಂದ ಹೊರಬಂತು. ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಓಹೋ! ಡಬ್ಬ ಬೇಗ ಖಾಲಿಯಾಗೋದು ಇದಕ್ಕಾ? ಸೊಸೆ ಕೈ ಧಾರಾಳ ಅಂತ ಬೈಕೊಂಡಿದ್ನಲ್ಲ!"

"ಸಾರು ಸಪ್ಪೆ ಅಂತ ಬೈದಿದ್ದೂ ನೀವೇ, ಅತ್ತೆ."

ಕರೆಂಟಕ್ಕ ಡಬ್ಬದಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದಳು. "ಇದು ಬಿದ್ರೆ ಮಣ್ಣಲ್ಲಿ ಕರೆಂಟು ಸಲೀಸಾಗಿ ಹರಿಯುತ್ತೆ. ಮೇಸ್ತ್ರಿ ಮಾತು ಅಷ್ಟರಮಟ್ಟಿಗೆ ನಿಜ. ಆದ್ರೆ ತೇವದ ಜೊತೆ ಸೇರ್ಕೊಂಡು ಮೊದಲು ಜಿಂಕ್ ತಿನ್ನುತ್ತೆ, ಆಮೇಲೆ ಕಬ್ಬಿಣ. ಪೈಪೇ ಇಲ್ದಿದ್ರೆ ಕರೆಂಟು ಯಾವ ಏಣಿ ಇಳಿಯುತ್ತೆ, ದೊಡ್ಡಪ್ಪ?"

ಮಾವ ಪುಡಿಯಾದ ತುಂಡನ್ನೂ ಸೊಸೆಯ ಕೈಯನ್ನೂ ಒಮ್ಮೆ ನೋಡಿದರು. ಹಾರೆ ಎತ್ತಿಕೊಂಡರು. "ಹೊಸ ಗುಂಡಿ ಎಲ್ಲಿ ತೋಡಲಿ, ಹೇಳು."

ಕೆಟ್ಟ ಮಣ್ಣಿನಿಂದ ದೂರಕ್ಕೆ ತಾಮ್ರದ ಲೇಪದ ಸರಳು ಇಳಿಯಿತು. ಸುತ್ತ ತುಕ್ಕು ಹಿಡಿಸದ ಜೇಡಿಪುಡಿ ತುಂಬಿದರು. ಮೆಷಿನ್ನಿನ ವೈರು ಬದಲಾಯಿತು. ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು ಬಂತು. ಮೀಟರಿನಲ್ಲಿ ಅಳೆದು ನೋಡಿದ ಮೇಲೆ ಕರೆಂಟಕ್ಕ ತಾನೇ ಮೊದಲು ಮೆಷಿನ್ ಮುಟ್ಟಿದಳು. ಆಮೇಲೆ ಸೊಸೆ ಮುಟ್ಟಿದಳು. ಜುಮ್ ಎನ್ನಲಿಲ್ಲ.

ಓದುತ್ತಿರುವವರೇ, ನಿಮ್ಮ ಮನೆಯ ಪೈಪು ಮಣ್ಣಿನಡಿ ಹೇಗಿದೆ? ಜಿಂಕ್ ಲೇಪವನ್ನು ನಂಬಿ ಕೂರಬೇಡಿ. ಬಚ್ಚಲ ನೀರು ನಿಲ್ಲುವಲ್ಲಿ, ಬೂದಿ, ಗೊಬ್ಬರ ಸುರಿಯುವಲ್ಲಿ ಅದನ್ನು ಹೂಳಿಸಬೇಡಿ. ವರ್ಷಕ್ಕೊಮ್ಮೆ ಬಲ್ಲವರಿಂದ ಅರ್ಥಿಂಗ್ ಅಳೆಸಿ. ಯಂತ್ರ ಜುಮ್ ಎಂದರೆ ನಗಬೇಡಿ. ಅಂದೇ ಕರೆ ಮಾಡಿ. ಅಡುಗೆಮನೆಯ ಆ ಡಬ್ಬವನ್ನಂತೂ ಗುಂಡಿಯ ಬಳಿ ಸುಳಿಯಗೊಡಬೇಡಿ.

ಉಂಡ ಮನೆಗೇ ಎರಡು ಬಗೆದ ಅಪರಾಧಿಯ ಹೆಸರು: ಉಪ್ಪು.