ನಕ್ಷೆಯಲ್ಲಿಲ್ಲದ ಜಗಲಿ

"ಲೇ ಮುಂಡೆ, ಕಲ್ಲನ್ನ ಹಂಗೆ ಒಗೀತೀಯಲ್ಲೇ. ನಿಮ್ಮಪ್ಪನ ಗುಡಿಸ್ಲಿಗೆ ತಂದಿದ್ದಾ? ಮಾಡಲ್ ಸ್ಕೂಲಿನ ಕಲ್ಲು ಕಣೆ ಅದು. ಒಂದು ಮೂಲೆ ಮುರೀತೋ, ನಿನ್ನ ಸೊಂಟ ಮುರೀತೀನಿ."

ವಾಸಪ್ಪಗೌಡರು ಕೊಡೆಯ ತುದಿಯಿಂದ ನನ್ನ ಸೊಂಟವನ್ನು ತಿವಿದರು, ಯಾವ ಸೊಂಟ ಎಂದು ನನಗೆ ಗೊತ್ತಾಗಲಿ ಅಂತ. ನಾನು ಕಲ್ಲನ್ನು ಕೂಸು ಮಲಗಿಸಿದ ಹಾಗೆ ಇಳಿಸಿದೆ. ಹುಂಚದ ದಾರಿಯಲ್ಲಿರುವ ನಮ್ಮೂರಿಗೆ ಹೊಸ ಶಾಲೆ ಮಂಜೂರಾಗಿತ್ತು. ಹಣ ಸರ್ಕಾರದ್ದು, ಹೆಸರು ಗೌಡರದ್ದು, ಮೈ ನಮ್ಮದು. ಅದಕ್ಕೆ ಶ್ರಮದಾನ ಎಂದು ಹೆಸರಿಟ್ಟಿದ್ದರು. ಗೌಡರ ಗದ್ದೆಯನ್ನು ಗೇಣಿಗೆ ಮಾಡುವ ನಮ್ಮ ಕೇರಿಯ ಪ್ರತಿ ಮನೆಯಿಂದ ಒಂದಾಳು ಬರಬೇಕು; ಬಾರದಿದ್ದರೆ ಗದ್ದೆ ಬಿಡಬೇಕು. ಇಂಥ ದಾನವನ್ನು ಕರ್ಣನೂ ಮಾಡಿರಲಿಕ್ಕಿಲ್ಲ.

ಆದರೂ ನಾನು ಮನಸ್ಸಿಟ್ಟೇ ಹೊತ್ತೆ. ಅದಕ್ಕೆ ಕಾರಣವಿತ್ತು. ಪಾಯ ತೆಗೆದ ದಿನ ಶಿವಮೊಗ್ಗದಿಂದ ಬಂದ ಎಂಜಿನಿಯರು ನೀಲಿ ಕಾಗದವನ್ನು ಕಲ್ಲಿನ ಮೇಲೆ ಬಿಡಿಸಿ ಮೇಸ್ತ್ರಿಗೆ ತೋರಿಸುತ್ತಿದ್ದರು. ಕಿಟಕಿಗಳು ಮಕ್ಕಳ ಎತ್ತರಕ್ಕೆ ಬರುತ್ತವಂತೆ. ಹೆಂಚಿನ ನಡುವೆ ಬೆಳಕಿಗೆ ಗಾಜು, ಕುಳ್ಳ ಮಕ್ಕಳಿಗೂ ಕೈಗೆಟಕುವ ಕರಿಹಲಗೆ, ರೇಡಿಯೋ ಇಡಲು ಗೋಡೆಯಲ್ಲೊಂದು ಗೂಡು. ಭದ್ರಾವತಿಯ ಆಕಾಶವಾಣಿಯಲ್ಲಿ ಕೂತವರು ಪಾಠ ಹೇಳಿದರೆ ಇಲ್ಲಿ ಕೇಳುತ್ತದಂತೆ. ನಾನು ಬುಟ್ಟಿ ಇಳಿಸಿ ಕೇಳಿಯೇಬಿಟ್ಟೆ.

"ಜಗಲಿ ಎಲ್ಲಿ ಬತ್ತದೆ ಸ್ವಾಮಿ?"

"ಜಗಲಿ ಯಾಕಮ್ಮ? ಹೊಸ ಮಾದರಿ ಶಾಲೆ ಇದು. ಮಕ್ಕಳೆಲ್ಲ ಒಳಗೇ."

ಅವರಿಗೆ ಗೊತ್ತಿರಲಿಲ್ಲ. ಹಳೆಯ ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳು ಕೂರುತ್ತಿದ್ದದ್ದೇ ಜಗಲಿಯ ಮೇಲೆ. ನನ್ನ ಮಗಳು ದುಗ್ಗಿ ಅಲ್ಲಿಂದಲೇ ಮೇಷ್ಟ್ರ ಬೆನ್ನು ನೋಡುತ್ತ ಅಕ್ಷರ ಕಲಿತಿದ್ದಳು. ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ಬಸ್ಸು ನಿಲ್ಲುವ ಮೊದಲೇ ಓದುತ್ತಿದ್ದಳು. ಜಗಲಿಯೇ ಇಲ್ಲದ ಶಾಲೆಯಲ್ಲಿ ಅವಳನ್ನು ಒಳಗೆ ಕೂರಿಸದೆ ಇನ್ನೆಲ್ಲಿ ಕೂರಿಸುತ್ತಾರೆ? ಅವತ್ತಿನಿಂದ ನಾನು ಎರಡಾಳಿನ ಕೆಲಸ ಮಾಡಿದೆ. ರೇಡಿಯೋ ಗೂಡಿಗೆ ಗಾರೆ ಸವರಿದ್ದೂ ನಾನೇ.

ಹೆಂಚು ಹೊದೆಸಿದ ದಿನ ಗೌಡರು ಕಟ್ಟಡವನ್ನು ಒಂದು ಸುತ್ತು ಹಾಕಿ ಬಂದರು.

"ಮೇಸ್ತ್ರಿ, ಜಗಲಿ ಎಲ್ಲೋ?"

"ನಕ್ಷೇಲಿ ಇಲ್ಲ ಗೌಡ್ರೆ."

"ಮತ್ತೆ ಆ ಕೇರಿ ಮಕ್ಳನ್ನ ಎಲ್ಲಿ ಕೂರಿಸ್ಲಿ, ನಿನ್ನ ಹೆಂಡ್ತಿ ತೊಡೆ ಮೇಲಾ? ನಕ್ಷೆ ಬರ್ದೋನು ಶಿವಮೊಗ್ಗದಲ್ಲಿ ಅವ್ನೆ. ಊರಲ್ಲಿರೋನು ನಾನು." ಆಮೇಲೆ ನಮ್ಮತ್ತ ತಿರುಗಿದರು. "ನಿಮ್ಮ ಮಕ್ಳಿಗೇ ತಾನೆ. ನೀವೇ ಕಟ್ಕಳಿ."

ಕಟ್ಟಿದೆವು. ಹಿಂದಿನ ಗೋಡೆಗೆ ಒತ್ತಿಕೊಂಡು, ಮಣ್ಣು ಮತ್ತು ಮುರುಕು ಕಲ್ಲಿನಲ್ಲಿ. ಮಣ್ಣು ತುಳಿದವಳು ನಾನು. ಬಾಯಿಗೆ ಬಂದ ಬೈಗುಳವನ್ನೆಲ್ಲ ಅದಕ್ಕೇ ಕಲಸಿದೆ.

ಆದರೆ ನನ್ನನ್ನು ಸುಟ್ಟದ್ದು ಜಗಲಿಯಲ್ಲ. ಗೌಡರು ಹೋಗುವ ಮುಂಚೆ ಇನ್ನೊಂದು ಮಾತು ಆಡಿದರು.

"ಆಫೀಸರ್ಗಳು ಬಂದಾಗ ಕೇರಿದು ಒಂದು ತಲೆ ಒಳಗೆ ಕಾಣ್ಬೇಕು. ಹೂವಮ್ಮ, ನಿನ್ನ ಮಗಳನ್ನ ಕಳ್ಸು. ಚೆನ್ನಾಗಿ ತಿಕ್ಕಿ ತೊಳ್ದು ಕಳ್ಸು."

ಹೂವಮ್ಮ ನಮ್ಮ ಪಕ್ಕದ ಮನೆಯವಳು, ಗೌಡರ ಕೊಟ್ಟಿಗೆಯ ಸಗಣಿ ಬಾಚುವವಳು. ಅವಳ ಮಗಳು ಯಮುನಿಗೆ ಇನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಅಂಥವಳಿಗೆ ಗೌಡರ ಮನೆಯಿಂದ ಹಳದಿ ಫ್ರಾಕು ಬಂತು. ಅದು ಬೇಲಿಯ ಮೇಲೆ ಒಣಗುವಾಗೆಲ್ಲ ನಾನು ಆ ಕಡೆಗೆ ಬೆನ್ನು ಹಾಕಿ ಗಂಜಿ ಉಣ್ಣುತ್ತಿದ್ದೆ. ಹೊಟ್ಟೆಕಿಚ್ಚು ಎಂದರೇನು ಅಂತ ನನ್ನನ್ನು ಕೇಳಬೇಕು. ಗೌಡರ ಮೊಮ್ಮಗಳ ಮೇಲೂ ನನಗೆ ಅಷ್ಟು ಉರಿ ಇರಲಿಲ್ಲ. ಅವಳು ಹುಟ್ಟಿದ್ದೇ ಒಳಗೆ. ಈ ಯಮುನಿ ಮೊನ್ನೆಯವರೆಗೂ ನನ್ನ ದುಗ್ಗಿಯ ಪಕ್ಕದಲ್ಲೇ ಕೂತಿದ್ದವಳು.

ಬಾವಿಯ ಹತ್ತಿರ ಹೂವಮ್ಮ ಸಿಕ್ಕಾಗ ನಾನು ಬಾಯಿ ಬಿಟ್ಟೆ.

"ಸಿಂಬಳ ಸುರ್ಸೋ ನಿನ್ನ ಮಗಳಿಗೆ ಬೆಂಚು, ನನ್ನ ದುಗ್ಗಿಗೆ ಮಣ್ಣು. ಎಷ್ಟು ಬುಟ್ಟಿ ಸಗಣಿ ಹೊತ್ಯೇ ಅದಕ್ಕೆ?"

"ನಿಂಗ್ಯಾಕೆ ಹೊಟ್ಟೆ ಉರೀತದೆ ಮಾರಾಯ್ತಿ? ಕೇರಿಯಿಂದ ಒಬ್ಳಾದ್ರೂ ಒಳಗೆ ಹೋಗ್ಲಿ ಅನ್ನು."

"ಯಾಕನ್ಲಿ? ನಿನ್ನ ಮಗಳು ಉಂಡ್ರೆ ನನ್ನ ಮಗಳ ಹೊಟ್ಟೆ ತುಂಬ್ತದಾ?"

ಅವಳು ಕೊಡ ತುಂಬುವುದನ್ನೂ ಬಿಟ್ಟು ಹೋದಳು. ಆಮೇಲೆ ನಮ್ಮಿಬ್ಬರಿಗೂ ಮಾತಿಲ್ಲ.

ಶಾಲೆ ಶುರುವಾದ ದಿನ ದೊಡ್ಡ ಅಧಿಕಾರಿಗಳು ಬಂದರು, ಜೊತೆಗೆ ಅದೇ ಎಂಜಿನಿಯರು. ನಾವು ಹಿಂದೆ ಅಂಗಳದಲ್ಲಿ ನಿಂತಿದ್ದೆವು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ರೇಡಿಯೋಗೆ ಗೌಡರ ಸೊಸೆ ಹೆಣೆದ ಬಿಳಿ ಬಟ್ಟೆ ಹೊದೆಸಿ, ಗಂಧ ಹಚ್ಚಿ, ಗೂಡಿನಲ್ಲಿ ಕೂರಿಸಿದ್ದರು. ನಾನು ಗಾರೆ ಸವರಿದ ಗೂಡಿನಲ್ಲಿ ಹಾಯಾಗಿ ಕೂತ ಆ ಪೆಟ್ಟಿಗೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಮುಂದಿನ ಬೆಂಚಿನಲ್ಲಿ ಹಳದಿ ಫ್ರಾಕು. ಜಗಲಿಯ ಮೇಲೆ ನಮ್ಮ ಮಕ್ಕಳು ಕಿಟಕಿಯ ಸರಳು ಹಿಡಿದು ನಿಂತಿದ್ದವು.

ಪೆಟ್ಟಿಗೆ ಗೊರಗೊರ ಎಂದು ಆಮೇಲೆ ಒಬ್ಬ ಹೆಂಗಸಿನ ದನಿಯಲ್ಲಿ ಮಾತಾಡಿತು. "ಮಕ್ಕಳೇ, ಎಲ್ಲರಿಗೂ ನನ್ನ ಮಾತು ಕೇಳುತ್ತಿದೆಯೇ?"

ಒಳಗಿನ ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿದ್ದವು. ಕಿಟಕಿಯಿಂದ ನನ್ನ ದುಗ್ಗಿ ಗಟ್ಟಿಯಾಗಿ ಹೇಳಿದಳು: "ಕೇಳ್ತದೆ."

ಅಧಿಕಾರಿಗಳೆಲ್ಲ ತಿರುಗಿದರು. ಗೌಡರ ಮುಖ ಕಪ್ಪಾಯಿತು.

"ಯಾರಲ್ಲಿ, ಆ ಕಿಟಕಿ ಹಾಕ್ರೋ."

ಯಾರೋ ಬಂದು ಕಿಟಕಿಯ ಬಾಗಿಲನ್ನು ಧಡಕ್ಕನೆ ಎಳೆದರು. ದುಗ್ಗಿಯ ಬೆರಳು ಸಂದಿಗೆ ಸಿಕ್ಕಿತು. ಅವಳು ಅಳಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ಕಿವಿಯನ್ನು ಹಲಗೆಗೆ ಒತ್ತಿ ನಿಂತಳು. ಎಂಜಿನಿಯರು ಅಷ್ಟು ಹೊತ್ತಿಗೆ ಹಿಂದೆ ಬಂದಿದ್ದರು. ಜಗಲಿಯನ್ನು ನೋಡಿದರು, ನನ್ನನ್ನೂ ನೋಡಿದರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಒಳಗೆ ಹೋದರು.

ಮೇಸ್ತ್ರಿಯ ಹಾರೆ ಗೋಡೆಗೆ ಒರಗಿತ್ತು. ನಾನು ಅದನ್ನು ಎತ್ತಿಕೊಂಡೆ. ನನ್ನ ಗಂಡ ಕನ್ನಪ್ಪ ಸೆರಗು ಹಿಡಿದೆಳೆದ.

"ಗದ್ದೆ ಹೋಗ್ತದೆ ಕಣೆ."

"ಹೋಗ್ಲಿ ಬಿಡು."

ಹೂವಮ್ಮನೂ ಅಡ್ಡ ಬಂದಳು. "ಬ್ಯಾಡ ಬೆಳ್ಳಮ್ಮ, ಕೈ ಮುಗೀತೀನಿ. ನನ್ನ ಮಗಳನ್ನೂ ಹೊರಗೆ ಹಾಕ್ತಾರೆ."

"ಹಾಕ್ಲಿ," ಎಂದೆ. ಮನಸಾರೆ ಎಂದೆ.

ಮಕ್ಕಳನ್ನು ಕೆಳಗಿಳಿಸಿ ಜಗಲಿಗೆ ಹಾರೆ ಹಾಕಿದೆ. ನಾನೇ ತುಳಿದ ಮಣ್ಣು, ಗಟ್ಟಿಯಿತ್ತು. ಸದ್ದಿಗೆ ಗೌಡರು ಓಡಿ ಬಂದರು.

"ಸರ್ಕಾರಿ ಕಟ್ಟಡ ಒಡೀತೀಯೇನೇ, ಹಡಬೆ?"

"ಶಾಲೆ ಮುಟ್ಟಿಲ್ಲ. ನಾ ಕಟ್ಟಿದ್ದ ನಾನೇ ಒಡೀತಿದೀನಿ."

"ನಾಳೆಯಿಂದ ಗದ್ದೆಗೆ ಇಳಿದ್ರೆ ಕಾಲು ಕಡೀತೀನಿ."

ನಾನು ನಿಲ್ಲಿಸಲಿಲ್ಲ. ಗೌಡರು ಒಳಗೆ ನುಗ್ಗಿ ಯಮುನಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದರು. "ಒಂದಕ್ಕೆ ಜಾಗ ಕೊಟ್ರೆ ಕೇರಿಗೆ ಕೇರಿಯೇ ತಲೆ ಮೇಲೆ ಕೂರ್ತದೆ. ಹೋಗು, ನಿಮ್ಮೋರ ಜೊತೆ ಮಣ್ಣು ತಿನ್ನು" ಎಂದು ತಳ್ಳಿದರು. ಹುಡುಗಿ ಒಡೆದ ಜಗಲಿಯ ಮೇಲೆ ಬಿದ್ದಳು. ಹಳದಿ ಫ್ರಾಕು ಕೆಮ್ಮಣ್ಣಾಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ಮಜ್ಜಿಗೆ ಕುಡಿದ ಹಾಗೆ ತಣ್ಣಗಾಯಿತು.

ಹೂವಮ್ಮ ನೆಟ್ಟಗೆ ನನ್ನ ಹತ್ತಿರ ಬಂದು ಕೈಯಿಂದ ಹಾರೆ ಕಿತ್ತುಕೊಂಡಳು. ತಲೆಗೇ ಹಾಕುತ್ತಾಳೆ ಎಂದುಕೊಂಡೆ. ಹಿಂದೆ ಸರಿಯಲಿಲ್ಲ. ಅವಳು ನನ್ನನ್ನು ದಾಟಿ ಹೋಗಿ ಜಗಲಿಯ ಉಳಿದ ತುದಿಗೆ ಹಾರೆ ಇಳಿಸಿದಳು.

"ನನ್ನ ಮಗಳಿಗೆ ಸಿಂಬಳ ಅಂದ್ಯಲ್ಲ, ಆ ಜಗಳ ಮುಗ್ದಿಲ್ಲ," ಎಂದಳು ಮೀಟುತ್ತ. "ಮೊದ್ಲು ಈ ಕಲ್ಲು ಎಳಿ."

ಎಳೆದೆ. ಒಳಗೆ ಪೆಟ್ಟಿಗೆಯ ಹೆಂಗಸು ಇನ್ನೂ ಮಾತಾಡುತ್ತಲೇ ಇದ್ದಳು. ಹೊರಗೆ ಕೂರಲು ಈಗ ಜಾಗವಿರಲಿಲ್ಲ. ದುಗ್ಗಿ ಮತ್ತು ಯಮುನಿ, ನಾ ಮುಂದೆ ತಾ ಮುಂದೆ ಎಂದು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತ, ಗೌಡರು ಹೋಗಿ ಕೊಡೆ ಅಡ್ಡ ಹಿಡಿದು ನಿಂತಿದ್ದ ಶಾಲೆಯ ಬಾಗಿಲ ಕಡೆಗೆ ನಡೆದರು.