ನೇರಳೆ ಬಿಯರಿನ ಸಾಲಿನಲ್ಲಿ ನಂದಿತಾ

ನಂದಿತಾಳಿಗೆ ದಯೆ ದಾಕ್ಷಿಣ್ಯಗಳಿಲ್ಲ. ಹುಟ್ಟಿನಿಂದಲೇ ಇಲ್ಲವೋ, ಕೆಲಸ ಮಾಡುತ್ತ ಕಳೆದುಹೋದವೋ ಹೇಳುವುದು ಕಷ್ಟ. ಜೀವನ್ ಬಿಮಾ ನಗರದ ಆಚೆ, ವಿಮಾನದ ಬಿಡಿಭಾಗಗಳನ್ನು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವಳದು ತಪಾಸಣೆಯ ಕೆಲಸ. ಇಡೀ ದಿನ ಲೋಹದ ತುಂಡುಗಳನ್ನು ತಿರುಗಿಸಿ ನೋಡುತ್ತಾಳೆ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ತಳ್ಳುತ್ತಾಳೆ. ಭಾನುವಾರವೂ ಮೈಮೇಲೆ ಕಾರ್ಖಾನೆಯ ಬೂದು ಕೋಟು. ಅದರ ಜೇಬುಗಳಿಗೆ ಎರಡೂ ಕೈ ಇಳಿಬಿಟ್ಟು, ಕತ್ತನ್ನು ತುಸು ಮುಂದೆ ಚಾಚಿ, ರಸ್ತೆಯಲ್ಲೂ ಐಬು ಹುಡುಕುವವಳಂತೆ ನಡೆಯುತ್ತಾಳೆ. ಬಾಯಿ ತೆರೆಯುವ ಮುನ್ನ "ನಿಜ ಹೇಳ್ಲಾ?" ಎಂದು ಕೇಳುವುದು ಅವಳ ರೂಢಿ. ಉತ್ತರಕ್ಕೆ ಕಾಯುವ ರೂಢಿಯಿಲ್ಲ.

ಕೆ.ಆರ್. ಪುರದ ಸುಗತ ಕಾಲೇಜಿನ ದಿನಗಳಿಂದಲೂ ಈ ಪ್ರಶ್ನೆಯನ್ನು ಕೇಳಿಸಿಕೊಂಡು ಬಂದವನು. ಅವನ ತಂಗಿಯ ನಿಶ್ಚಿತಾರ್ಥದಲ್ಲಿ ಬೀಗರೆಲ್ಲ ಪಾಯಸವನ್ನು ಹೊಗಳುತ್ತಿದ್ದಾಗ "ತಳ ಹಿಡಿದಿದೆ" ಎಂದವಳು ಅವಳು. ಬೀಗರು ಮತ್ತೊಮ್ಮೆ ರುಚಿ ನೋಡಿದರು, ಹಿಡಿದಿತ್ತು. ಅವರಿಬ್ಬರ ಗೆಳೆಯ ಆಸಿಮ್ ಶಿವಾಜಿನಗರದಲ್ಲಿ ಬಟ್ಟೆಯಂಗಡಿ ತೆರೆದ ದಿನವಂತೂ, ಅವನಪ್ಪ ದುವಾ ಮುಗಿಸಿ ಕೈ ಇಳಿಸುವುದರೊಳಗೆ, ಬೋರ್ಡು ಎಡಕ್ಕೆ ವಾಲಿದೆ ಎಂದುಬಿಟ್ಟಳು. ಆಸಿಮ್ ಏಣಿ ತಂದು ಸರಿಮಾಡಿದ, ಅವಳೊಡನೆ ಬಹಳ ದಿನ ಮಾತು ಬಿಟ್ಟ. ಆಮೇಲೆ ಎರಡನೆಯ ಅಂಗಡಿಗೆ ಬೋರ್ಡು ಏರಿಸುವಾಗ ಅವಳನ್ನೇ ಕರೆಸಿ, ರಸ್ತೆಯ ಎದುರು ಬದಿಯಲ್ಲಿ ನಿಲ್ಲಿಸಿಕೊಂಡ. ಗೆಳೆಯರ ಪ್ರತಿ ಗುಂಪಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಮನಸ್ಸು ಕುಗ್ಗಿದ ದಿನ ಅವರ ಮುಖ ನೋಡುವುದು ಬೇಡವೆನಿಸುತ್ತದೆ; ಒಂದು ಕೆಲಸ ಸರಿಯಾಗಲೇಬೇಕಾದ ದಿನ ಅವರಿಲ್ಲದೆ ಆಗುವುದಿಲ್ಲ.

ಕಳೆದ ಜೂನಿನ ಒಂದು ಭಾನುವಾರ ಸುಗತನ ಪಾಲಿಗೆ ಎರಡೂ ಬಗೆಯ ದಿನವಾಗಿತ್ತು. ಟೈರ್ ಕಂಪನಿಯ ಗುಮಾಸ್ತಿಕೆ ಬಿಟ್ಟು, ಇಂದಿರಾನಗರದ ಸಣ್ಣ ಬ್ರೂವರಿಯೊಂದರಲ್ಲಿ ಅವನು ವರ್ಷದಿಂದ ಕೆಲಸ ಕಲಿಯುತ್ತಿದ್ದ. ಮಾಲ್ಟಿನ ಮೂಟೆ ಹೊತ್ತು, ಟ್ಯಾಂಕು ತೊಳೆದು, ಬೈಸಿಕೊಂಡು, ಕೊನೆಗೊಮ್ಮೆ ಮಾಲೀಕ ಸಂಜೀವಪ್ಪನವರಿಂದ ಒಂದು ಟ್ಯಾಂಕನ್ನು ಸ್ವಂತಕ್ಕೆ ಬಿಡಿಸಿಕೊಂಡಿದ್ದ. ಅದರಲ್ಲಿ ನೇರಳೆ ಹಣ್ಣಿನ ಬಿಯರ್ ಮಾಡಿದ್ದ. ಆ ಭಾನುವಾರ ಅದರ ಬಿಡುಗಡೆ. ಸಂಜೆಯೊಳಗೆ ಟ್ಯಾಂಕು ಖಾಲಿಯಾದರೆ ಕೆಲಸ ಖಾಯಂ, ಉಳಿದರೆ ಬೇರೆ ದಾರಿ ನೋಡಿಕೋ ಎಂದಿದ್ದರು ಸಂಜೀವಪ್ಪ. "ನಲ್ಲಿ ಹತ್ರ ಮಾತ್ರ ನಿಂತ್ಕೋಬೇಡಪ್ಪ, ನಿನ್ನ ಮುಖ ನೋಡಿದ್ರೆ ಕುಡಿಯೋರಿಗೆ ಭಯ ಆಗುತ್ತೆ" ಎಂದು ಆಚೆಗೂ ಕಳಿಸಿದರು. ಹೀಗಾಗಿ ತಾನು ಮಾಡಿದ ಬಿಯರಿಗೆ ತಾನೇ ಗೆಳೆಯರೊಡನೆ ಸಾಲಿನಲ್ಲಿ ನಿಂತ.

ಸಾಲು ಹೊಂಗೆ ಮರಗಳ ಕೆಳಗೆ ಪಕ್ಕದ ದರ್ಶಿನಿ ಹೋಟೆಲಿನವರೆಗೂ ಬೆಳೆದಿತ್ತು. ಅಲ್ಲಿ ಕಾಫಿ ಹೀರುತ್ತಿದ್ದ ಹಿರಿಯರೊಬ್ಬರು, "ಏನ್ರೀ ಇಷ್ಟು ಜನ, ಆಧಾರ್ ಕಾರ್ಡಾ?" ಎಂದು ಕೇಳಿದರು.

"ಇಲ್ಲ ಅಂಕಲ್, ನೇರಳೆ ಹಣ್ಣಿನ ಪ್ರಸಾದ," ಎಂದ ಆಸಿಮ್. ಅವನು ಕುಡಿಯುವವನಲ್ಲ, ಸುಗತನಿಗೆ ಜೊತೆಯಾಗಲೆಂದು ಅಂಗಡಿ ತಮ್ಮನಿಗೆ ಒಪ್ಪಿಸಿ ಬಂದಿದ್ದ.

ಅವರ ಮುಂದೆ ಯಾರೋ ನೆಲದ ಮೇಲೆ ಹೆಲ್ಮೆಟ್ ಇಟ್ಟು, ಜಾಗ ಹಿಡಿದೆನೆಂದುಕೊಂಡು ಎಲ್ಲಿಗೋ ಹೋಗಿದ್ದರು. ನಂದಿತಾ ಅದನ್ನೆತ್ತಿ ಕಾಂಪೌಂಡಿನ ಗೋಡೆಯ ಮೇಲಿಟ್ಟಳು. "ಹೆಲ್ಮೆಟ್ ಬಿಯರ್ ಕುಡಿಯುತ್ತಾ?"

ಹೆಲ್ಮೆಟ್ಟಿನ ಯಜಮಾನ ಓಡಿಬಂದ. "ಮೇಡಂ, ಐದೇ ನಿಮಿಷ ಹೋಗಿದ್ದೆ!"

"ತಲೆ ಇಲ್ಲಿ ಬಿಟ್ಟು ಅದನ್ನ ತಗೊಂಡು ಹೋಗ್ಬೇಕಿತ್ತು. ಹಿಂದೆ ಹೋಗ್ರೀ."

ಸಾಲಿಗೆ ಸಾಲೇ ನಕ್ಕಿತು. ಆ ಕ್ಷಣದಿಂದ ಬೂದು ಕೋಟಿನ ಹೆಂಗಸಿನ ಮಾತಿಗೆ ಅಲ್ಲಿ ಒಂದು ತೂಕ ಬಂತು, ಬಿಯರಿನ ಬಗ್ಗೆ ಅವಳು ಏನೆಂದರೂ ಇವರೆಲ್ಲ ನಂಬುತ್ತಾರೆ ಎಂದು ಸುಗತನಿಗೆ ಹೊಳೆಯಿತು. ಆಸಿಮ್‌ಗೂ ಅದು ಅರ್ಥವಾಗಿರಬೇಕು, ದನಿ ತಗ್ಗಿಸಿದ.

"ನಂದಿತಾ, ಇವತ್ತೊಂದಿನ ಚೆನ್ನಾಗಿದೆ ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?"

"ಚೆನ್ನಾಗಿದ್ರೆ ಅಂತೀನಿ."

"ಇಲ್ದಿದ್ರೆ?"

"ಇಲ್ಲ ಅಂತೀನಿ. ಇದಕ್ಕೆ ಇಷ್ಟ್ಯಾಕೆ ಮಾತು?"

"ಬಿಡು ಗುರು, ಅವಳು ಇರೋದೇ ಹಾಗೆ," ಎಂದ ಸುಗತ. ಆಸಿಮ್ ಬಿಡದೆ ಇನ್ನೊಂದು ಸಲ ಕೇಳಲಿ ಎಂದು ಒಳಗೊಳಗೇ ಹಾರೈಸಿದ.

ಒಳಗೆ ಒಬ್ಬರಿಗೆ ಒಂದು ಸಲಕ್ಕೆ ಒಂದೇ ಗ್ಲಾಸು; ಇನ್ನೊಂದು ಬೇಕೆಂದರೆ ಮತ್ತೆ ಸಾಲಿನ ಕೊನೆಗೆ ಹೋಗಬೇಕು. ನಂದಿತಾ ತನ್ನ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ಕಡುಗೆಂಪನ್ನು ನೋಡಿದಳು, ಮೂಸಿದಳು, ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ನುಂಗಿದಳು. ಹಿಂದಿನವರು ಕತ್ತು ಚಾಚಿದರು.

"ನಿಜ ಹೇಳ್ಲಾ?"

ಇಷ್ಟು ವರ್ಷಗಳಲ್ಲಿ ಮೊದಲ ಸಲ ಸುಗತ ಉತ್ತರ ಕೊಟ್ಟ. "ಬೇಡ."

"ಒಗರು ಜಾಸ್ತಿ. ಹಣ್ಣನ್ನ ಬೀಜದ ಸಮೇತ ಹಾಕಿದ್ದೀಯ. ಮುಂದಿನ ಸಲ ತೆಗೆದು ಹಾಕು."

ಕಾರ್ಖಾನೆಯ ಯಂತ್ರಗಳ ನಡುವೆ ಪಳಗಿದ ಗಂಟಲು ಅದು, ಬಾಗಿಲಿನವರೆಗೂ ಕೇಳಿಸಿತು. ಬೀಜದ ಅನುಮಾನ ಸುಗತನಿಗೂ ಇತ್ತು. ಆದರೆ ಒಬ್ಬನ ಅನುಮಾನವನ್ನು ಹೀಗೆ ಊರಿಗೆಲ್ಲ ಡಂಗುರ ಸಾರಬೇಕೇ? ಹಿಂದೆ ನಿಂತಿದ್ದ ಮೂವರು ಮುಖ ಮುಖ ನೋಡಿಕೊಂಡು ಸಾಲು ಬಿಟ್ಟರು. ಅವರನ್ನು ಕಂಡು ಇನ್ನೂ ಇಬ್ಬರು ಹೊರಟರು.

"ಅರೆ, ಇವಳ ಬಾಯಿಗೆ ಯಾರಾದ್ರೂ ಬೀಗ ಜಡೀರಪ್ಪಾ!" ಎಂದು ಆಸಿಮ್ ಹಣೆ ಚಚ್ಚಿಕೊಂಡ.

ನಂದಿತಾ ಗ್ಲಾಸನ್ನು ತಳದವರೆಗೂ ಖಾಲಿ ಮಾಡಿ, ಮೇಜಿನ ಮೇಲಿಟ್ಟು, ಜೇಬಿಗೆ ಕೈ ಇಳಿಸಿ ಹೊರಗೆ ನಡೆದಳು. ತನ್ನ ಕೆಲಸ ಮುಗಿಯಿತೆಂದು ಮನೆಗೆ ಹೊರಟಳು ಎಂದುಕೊಂಡ ಸುಗತ. ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಟ್ಯಾಂಕು ಇನ್ನೂ ಅರ್ಧದಷ್ಟಿತ್ತು. ಜನ ಎಷ್ಟು ಉಳಿದಿದ್ದಾರೆಂದು ನೋಡಲು ಕಿಟಕಿಗೆ ಹೋದ. ಸಾಲು ಗಿಡ್ಡವಾಗಿತ್ತು, ಅದರ ಕೊನೆ ಈಗ ಅಲ್ಲಿಂದಲೇ ಕಾಣುತ್ತಿತ್ತು. ಕೊನೆಯಲ್ಲಿ ಬೂದು ಕೋಟು ನಿಂತಿತ್ತು.

ಆಸಿಮ್ ಬಾಗಿಲಿನಿಂದ ಕೂಗಿದ. "ಏನಮ್ಮಾ, ಬೈಯೋದು ಇನ್ನೂ ಬಾಕಿ ಇದ್ಯಾ?"

"ಇನ್ನೊಂದು ಗ್ಲಾಸಿಗೆ ಸಾಲಲ್ಲಿ ನಿಂತಿದ್ದೀನಿ, ಕಾಣ್ತಿಲ್ವಾ?"

ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿ ಗಂಡ ಹೆಂಡತಿ ಇಬ್ಬರು ಬಂದರು. ಸಾಲನ್ನು ಅನುಮಾನದಿಂದ ನೋಡಿ, ಕೊನೆಯಲ್ಲಿದ್ದವಳನ್ನು ಹೆಂಗಸು ಕೇಳಿದಳು: "ನೀವು ಕುಡಿದ್ರಾ ಮೇಡಂ? ಹೇಗಿದೆ, ನಿಲ್ಬಹುದಾ?"

ಸುಗತ ಕಿಟಕಿಯ ಸರಳು ಹಿಡಿದುಕೊಂಡ. ನಂದಿತಾ ಬಾಯಿ ತೆರೆದಳು, ಮುಚ್ಚಿಕೊಂಡಳು. ಆಮೇಲೆ ಒಂದು ಹೆಜ್ಜೆ ಮುಂದೆ ಸರಿದು, ತನ್ನ ಹಿಂದೆ ಮರದ ನೆರಳಿನಲ್ಲಿ ಅವರಿಬ್ಬರಿಗೂ ಜಾಗ ಮಾಡಿಕೊಟ್ಟಳು.