ವೈನಿ ಬ್ಯಾಂಕ್

ಸಂಜೆಯಾಯಿತೆಂದರೆ ಮೃದುಲಾಳ ಫೋನು ಟಿಂಗ್ ಟಿಂಗ್ ಎನ್ನಲು ಶುರು ಮಾಡುತ್ತಿತ್ತು. ಕುಕ್ಕರಿನ ಸೀಟಿ ಎಣಿಸಬೇಕೋ ಇದನ್ನು ಎಣಿಸಬೇಕೋ ತಿಳಿಯದೆ ಆಕೆ ಎಷ್ಟೋ ಸಲ ಬೇಳೆ ಹೊತ್ತಿಸಿದ್ದಳು. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ಹೆಣ್ಣುಮಗಳು. ಯಾರು ಔಟಾದರು, ಯಾರು ಮಾಡಿದರು ಎಂದು ಕೇಳಿದರೆ ಅಂಪೈರನ ಹೆಸರು ಹೇಳಿಬಿಡುವಷ್ಟು ಅಮಾಯಕಿ. ಅಂಥವಳ ಖಾತೆಯಲ್ಲಿ ಒಂದು ಡಜನ್ ಗಂಡಸರ ಕ್ರಿಕೆಟ್ ದುಡ್ಡು ಓಡಾಡುತ್ತಿತ್ತು. ಇದು ಆಕೆಯ ಗಂಡ ಬಂಡುವಿನ ಕೃಪೆ.

ಬಂಡು ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಹರೆಯದಲ್ಲಿ ಕಲಬುರಗಿ ಕೋಟೆಯ ಪಕ್ಕದ ಬಯಲಿನಲ್ಲಿ ಟೆನಿಸ್ ಬಾಲ್ ಆಡಿದ ಗೆಳೆಯರನ್ನು ನಲವತ್ತೆಂಟು ದಾಟಿದರೂ ಬಿಟ್ಟಿರಲಿಲ್ಲ. ನೆಹರು ಗಂಜಿನ ತೊಗರಿ ವ್ಯಾಪಾರಿ ಮಹಾದೇವ, ಬೈಕ್ ಗ್ಯಾರೇಜಿನ ಮಜರ್, ಕಮಲಾಪುರದಲ್ಲಿ ಕೆಂಪು ಬಾಳೆಯ ಮಂಡಿ ಇಟ್ಟ ಖಂಡೆಪ್ಪ, ಹೀಗೆ. ಈಗ ಓಡಲು ಮೊಣಕಾಲು ಕೇಳುವುದಿಲ್ಲವಾದ್ದರಿಂದ ಎಲ್ಲರೂ ಫೋನಿನಲ್ಲಿ ಆಟಗಾರರನ್ನು ಆರಿಸಿ ತಂಡ ಕಟ್ಟುತ್ತಿದ್ದರು. ಕಾಯ್ದೆ ಬಂದು ಆ್ಯಪುಗಳು ದುಡ್ಡಿನಾಟ ನಿಲ್ಲಿಸಿದಾಗ ಇವರು ಸೂತಕ ಹಿಡಿದವರಂತೆ ನಾಲ್ಕು ದಿನ ಕೂತು, ಐದನೆಯ ದಿನ ದಾರಿ ಹುಡುಕಿದರು. ಅಂಕ ಎಣಿಸಲು ಪುಕ್ಕಟೆ ಆ್ಯಪು. ದುಡ್ಡು ಮಾತ್ರ ತಮ್ಮತಮ್ಮಲ್ಲೇ, ಒಬ್ಬರ ನಂಬರಿಗೆ.

ಮೊದಲು ಅದು ಬಂಡುವಿನ ನಂಬರೇ ಆಗಿತ್ತು. ಆದರೆ ಐದನೇ ತಾರೀಖಿಗೆ ಅವನ ಬೈಕಿನ ಕಂತು ತಾನಾಗಿಯೇ ಕಡಿತವಾಗಿ, ಗೆದ್ದ ಮಹಾದೇವನ ದುಡ್ಡೆಲ್ಲ ಬೈಕಿನ ಹೊಟ್ಟೆ ಸೇರಿತು. ದೊಡ್ಡ ರಾದ್ಧಾಂತವಾಯಿತು. ಕೊನೆಗೆ ಮಹಾದೇವನೇ ವೈನಿ ನಂಬರಿಗೆ ಹಾಕೋಣ, ಅವರ ಕೈ ಶುದ್ಧ ಎಂದ. ವೈನಿ ಎಂದರೆ ಅತ್ತಿಗೆ, ಅಂದರೆ ಮೃದುಲಾ. ಎಲ್ಲರೂ ಹೂಂ ಎಂದರು. ವೈನಿಯನ್ನು ಯಾರೂ ಕೇಳಲಿಲ್ಲ. ಮರುದಿನ ಆಕೆ ಚಹ ತಂದಿಟ್ಟಾಗ ಅವರ ಫೋನಿನ ಗುಂಪಿನ ಹೆಸರು ‘ವೈನಿ ಬ್ಯಾಂಕ್’ ಎಂದು ಬದಲಾಗಿತ್ತು.

ಹೊಗಳಿಕೆ ಎಂದುಕೊಂಡು ಆಕೆಯೂ ನಕ್ಕಿದ್ದಳು. ಆ ನಗು ಎಷ್ಟು ದುಬಾರಿಯದು ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಬಂಡು ಹೆಸರು ಓದಿ ಹೇಳಿದಂತೆ ಗೆದ್ದವರಿಗೆಲ್ಲ ದುಡ್ಡು ಕಳಿಸಬೇಕು. ಪ್ರತಿ ಸಲ ಪಿನ್ ಒತ್ತಬೇಕು. ಒಮ್ಮೊಮ್ಮೆ ಬಂಡುವೇ ಫೋನು ಕಸಿದುಕೊಂಡು ಕಳಿಸುತ್ತಿದ್ದ. ಖುಷಿ ಹೆಚ್ಚಾದರೆ ದುಡ್ಡಿನ ಜೊತೆಗೆ ಕೆಂಪು ಹೃದಯ, ಕುಣಿಯುವ ಗೊಂಬೆ ಎಲ್ಲ ಹಚ್ಚುತ್ತಿದ್ದ. ಏಕಾದಶಿಯ ದಿನ ಈ ದುಡ್ಡು ಮುಟ್ಟುವುದಿಲ್ಲ ಎಂದು ಮೃದುಲಾ ಹಟ ಹಿಡಿದಳು. ಸರಿ, ದ್ವಾದಶಿ ಬೆಳಿಗ್ಗೆ ಪಾರಣೆಯ ಎಲೆ ಹಾಕುವ ಮೊದಲೇ ಗೆದ್ದವರ ಫೋನು ಬರತೊಡಗಿದವು. ಒಮ್ಮೆ ಬ್ಯಾಂಕಿನವರು, ತಾಯಿ, ನಿಮ್ಮದು ಏನು ವ್ಯಾಪಾರ ಎಂದು ಕೇಳಿದರು. ಹಪ್ಪಳ ಸಂಡಿಗೆ ಎಂದುಬಿಟ್ಟಳು. ಜನ್ಮದಲ್ಲಿ ಒಂದು ಹಪ್ಪಳ ಮಾರಿದವಳಲ್ಲ.

ಎಲ್ಲರಿಗಿಂತ ಮೊದಲು ದುಡ್ಡು ಹಾಕುತ್ತಿದ್ದವನು ಕಮಲಾಪುರದ ಖಂಡೆಪ್ಪ. ಹಿಂದೆ ಆ್ಯಪಿನಲ್ಲಿ ಆಡಿ ಆಡಿ, ಮಗಳು ಅಂಜನಾಳ ನರ್ಸಿಂಗ್ ಕಾಲೇಜಿಗೆಂದು ಇಟ್ಟಿದ್ದನ್ನೆಲ್ಲ ಕಳೆದುಕೊಂಡವನು ಅವನು. ಹೆಂಡತಿ ಚಂದಮ್ಮ ತನ್ನ ಬಳೆ ಮಾರಿ ಮಗಳ ಫೀ ಕಟ್ಟಿದಳು. ಆಮೇಲೆ ಒಂದು ಮುಂಜಾನೆ ಅವನು ಪೂಜೆಗೆ ಕೂತಾಗ ಎದುರಿಗೆ ಬಂದು ನಿಂತು, ಅಂಗೈಯ ಇಷ್ಟಲಿಂಗದ ಮೇಲೆ ಆಣೆ ಮಾಡಿಸಿದಳು. ಇನ್ನು ಮೇಲೆ ಆ್ಯಪಿನಲ್ಲಿ ಒಂದು ರೂಪಾಯಿ ಹಾಕುವುದಿಲ್ಲ ಎಂದು ಅವನು ಲಿಂಗ ಹಿಡಿದು ನುಡಿದ. ನುಡಿದಂತೆಯೇ ನಡೆದ ಕೂಡ. ಆ್ಯಪಿನಲ್ಲಿ ಹಾಕಲಿಲ್ಲ, ವೈನಿಯ ನಂಬರಿಗೆ ಹಾಕಿದ. ತನ್ನ ಆಣೆಗೆ ಎಳ್ಳಷ್ಟೂ ಧಕ್ಕೆ ಬಂದಿಲ್ಲ ಎಂದು ಅವನು ಮೃದುಲಾಳ ಮನೆಯಲ್ಲೇ ಕೂತು, ಬಸಿಯಲ್ಲಿ ಚಹ ಸುರುವಿಕೊಳ್ಳುತ್ತ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೃದುಲಾಳೂ ನಕ್ಕಳು.

ಫೈನಲ್ ಆ ವಾರದ ಭಾನುವಾರಕ್ಕಿತ್ತು. ಗುರುವಾರ ಮಧ್ಯಾಹ್ನ ಚಂದಮ್ಮ ಕಲಬುರಗಿಗೆ ಬಂದಳು.

ಮೃದುಲಾ ರಕ್ತ ಪರೀಕ್ಷೆಯ ಲ್ಯಾಬೊಂದರ ಬಿಲ್ ಕೌಂಟರಿನಲ್ಲಿ ಕೂರುವವಳು. ಸಾಲಿನಲ್ಲಿ ನಿಂತು ತನ್ನ ಪಾಳಿ ಬಂದಾಗ ಮುಂದೆ ಬಂದ ಹೆಂಗಸು, ಸೆರಗು ಹೊದ್ದು, ಕೈಯಲ್ಲಿ ಬರೀ ಗಾಜಿನ ಬಳೆ ಇಟ್ಟವಳು. ಪಕ್ಕದಲ್ಲಿ ಕಾಲೇಜು ಹುಡುಗಿ.

“ಮೃದುಲಾ ಅಂದ್ರ ನೀವೇ ಏನ್ರಿ?”

“ಹೌದ್ರಿ. ಯಾವ ಟೆಸ್ಟು?”

“ಟೆಸ್ಟ್ ಇಲ್ರಿ ಬಾಯಾರ. ನಾ ಕಮಲಾಪುರದ ಖಂಡೆಪ್ಪನ ಹೆಂಡ್ತಿ. ನಮ್ಮ ಮನಿಯವರು ಸಂಜಿ ಆತಂದ್ರ ನಿಮಗ ರೊಕ್ಕ ಹಾಕ್ತಾರ. ಯಾಕ ಹಾಕ್ತಾರಂತ ಕೇಳಾಕ ಬಂದೀನಿ.”

ರಿಚಾರ್ಜ್ ಮಾಡಿಕೊಡೆಂದು ಅಪ್ಪ ಕೊಟ್ಟ ಫೋನಿನಲ್ಲಿ ಅಂಜನಾ ಅದನ್ನು ನೋಡಿದ್ದಳು. ಮೇಲೆ ಮೃದುಲಾಳ ಹೆಸರು, ಲ್ಯಾಬಿನ ಹೆಸರಿದ್ದ ಬಿಳಿ ಕೋಟು ತೊಟ್ಟ ಫೋಟೋ. ಕೆಳಗೆ ಇವನು ಹಾಕಿದ್ದು, ಆಕೆ ಕಳಿಸಿದ್ದು, ಮತ್ತೆ ಇವನು ಹಾಕಿದ್ದು. ನಡುನಡುವೆ ಬಂಡು ಹಚ್ಚಿದ ಕೆಂಪು ಹೃದಯಗಳು. ಹುಡುಗಿ ಈಗ ಆ ಪರದೆಯ ಚಿತ್ರವನ್ನು ಕೌಂಟರಿನ ಗಾಜಿಗೆ ಒತ್ತಿ ಹಿಡಿದಳು. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು.

ಮೃದುಲಾಳ ನಾಲಗೆಗೆ ಕ್ರಿಕೆಟ್ ಎಂಬ ಮಾತು ಬಂದದ್ದು ಅಲ್ಲೇ ನಿಂತಿತು. ಹೇಳಿದರೆ ಲಿಂಗದಾಣೆ ಮುರಿದದ್ದು ಬಯಲಾಗಿ ಒಂದು ಸಂಸಾರ ಒಡೆಯುತ್ತದೆ. ಹೇಳದಿದ್ದರೆ ತನ್ನ ಮಾನ ಹೋಗುತ್ತದೆ. ಅವರನ್ನೇ ಕೇಳ್ರಿ ಎಂದಷ್ಟೇ ಅಂದಳು.

“ಕೇಳೀನ್ರಿ,” ಎಂದಳು ಚಂದಮ್ಮ. “ಆಕಿ ಯಾರೋ ನನಗ ಗೊತ್ತೇ ಇಲ್ಲ ಅಂದ್ರು.”

ಆಕೆ ಕೂಗಾಡಲಿಲ್ಲ. ಮಗಳ ಕೈ ಹಿಡಿದು ಹೊರಟುಹೋದಳು. ಒಳಗೆ ರಕ್ತ ತೆಗೆಯುವ ಆಸ್ಮಾ ಬಾಗಿಲಿಗೆ ಬಂದು ನಿಂತಿದ್ದವಳು, ಮೃದುಲಾ ತನ್ನ ಕಡೆ ನೋಡಿದ ಕೂಡಲೇ ಮುಖ ತಿರುಗಿಸಿಕೊಂಡಳು. ಎಷ್ಟೋ ವರ್ಷ ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ಉಂಡವರು ಅವರಿಬ್ಬರು. ಬೈದಿದ್ದರೂ ಮೃದುಲಾಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮನೆಗೆ ಬಂದು ಹೇಳಿದರೆ ಬಂಡು ಮೊದಲು ನಕ್ಕ. ಆಮೇಲೆ ಖಂಡೆಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಖಂಡೆಪ್ಪ ಅಳುದನಿಯಲ್ಲಿ, ವೈನಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಭಾನುವಾರದ ಫೈನಲ್ ಒಂದು ಮುಗಿಯಲಿ, ಅಲ್ಲಿಯವರೆಗೆ ಭೀಶಿ ಚೀಟಿ ಹಾಕಿದ್ದೇವೆ ಎಂದೋ ಏನೋ ಒಂದು ಹೇಳಿರಿ, ಆಣೆ ಮುರಿದದ್ದು ಗೊತ್ತಾದರೆ ಆಕೆ ನನ್ನ ಕೈಯ ನೀರು ಕುಡಿಯುವುದಿಲ್ಲ ಎಂದು ಒಂದೇ ಸಮನೆ ಬೇಡಿಕೊಂಡ. ಗೊತ್ತೇ ಇಲ್ಲ ಎಂದದ್ದಕ್ಕೆ ಮಾತ್ರ ಒಂದು ಮಾತೂ ಕ್ಷಮೆ ಕೇಳಲಿಲ್ಲ. ಫೈನಲ್ ಮುಗಿಯಲಿ ಎಂದು ಬಂಡುವೂ ದನಿಗೂಡಿಸಿದ.

“ಆಕಿ ನನ್ನ ಏನಂತ ತಿಳಕೊಂಡಾಳ, ಗೊತ್ತದ ಏನ್ರಿ ನಿಮಗ?” ಎಂದಳು ಮೃದುಲಾ.

“ತಿಳಕೊಳ್ಳಲಿ ಬಿಡು. ಕಮಲಾಪುರದಾಕಿ ತಿಳಕೊಂಡ್ರ ನಿನಗೇನಾಗ್ತದ? ನಾ ಏನರ ಅಂದೀನೇನು?”

ಹೆಂಡತಿಯ ಮಾನವನ್ನು ಭಾನುವಾರದವರೆಗೆ ಗೆಳೆಯನಿಗೆ ಕಡ ಕೊಟ್ಟು, ತಾನು ಸಂಶಯ ಪಡದಿರುವುದೇ ದೊಡ್ಡ ಉಪಕಾರವೆಂಬಂತೆ ಅವನು ಭಕ್ಕರಿ ಮುರಿದು ಪುಂಡಿಪಲ್ಯೆಗೆ ಅದ್ದಿದ. ಮೃದುಲಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದಣಿವು. ಜಗಳ ತೆಗೆಯಲೂ ಒಂದಿಷ್ಟು ತ್ರಾಣ ಬೇಕಾಗುತ್ತದೆ. ಅದನ್ನು ಇವರೆಲ್ಲ ಸೇರಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಖಾಲಿ ಮಾಡಿದ್ದರು. ಶುಕ್ರವಾರ ಲ್ಯಾಬಿನಲ್ಲಿ ಒಬ್ಬಳೇ ಕೂತು ಡಬ್ಬಿ ಬಿಚ್ಚಿದಳು. ಆಸ್ಮಾ ಇನ್ನೊಂದು ಮೇಜಿಗೆ ಹೋಗಿದ್ದಳು. ಆಗ ಮೃದುಲಾ ಮನಸ್ಸು ಗಟ್ಟಿ ಮಾಡಿಕೊಂಡಳು.

ಶನಿವಾರ ರಜೆ ಹಾಕಿ, ಮನೆಯಲ್ಲಿ ಹೇಳದೆ ಕಮಲಾಪುರದ ಬಸ್ಸು ಹತ್ತಿದಳು. ಮಹಾಗಾಂವದಲ್ಲಿ ಚೀಲ, ಬುಟ್ಟಿ, ಕೂಸುಗಳ ಸಮೇತ ಜನ ನುಗ್ಗಿ, ಆಕೆಯ ತೊಡೆಯ ಮೇಲೊಂದು ಯಾರದೋ ಮಗು ಬಂದು ಕೂತಿತು. ಅದರ ತಾಯಿ ಕೇಳಲಿಲ್ಲ, ಇವಳೂ ಬೇಡವೆನ್ನಲಿಲ್ಲ. ಬೇಡ ಎನ್ನುವ ರೂಢಿಯೇ ತನಗಿಲ್ಲವಲ್ಲ ಎಂದು ಅಲ್ಲಿ ಹೊಳೆಯಿತು.

ಖಂಡೆಪ್ಪನ ಮನೆ ಮಂಡಿಯ ಹಿಂದೆಯೇ. ಪಡಸಾಲೆಯ ತುಂಬ ಕೆಂಪು ಬಾಳೆಯ ಗೊನೆ ತೂಗುಬಿದ್ದಿದ್ದವು. ಅವನು ಮಾಲು ತರಲು ತೋಟಗಳ ಕಡೆ ಹೋಗಿದ್ದ. ಚಂದಮ್ಮ ಬಾಗಿಲಿಗೆ ಬಂದವಳು ಗುರುತು ಹಿಡಿದು ಗಕ್ಕನೆ ನಿಂತಳು. ಆದರೂ ಒಳಗೆ ಹೋಗಿ ನೀರು ತಂದುಕೊಟ್ಟಳು. ಮೃದುಲಾ ಕುಡಿದು, ತಂಬಿಗೆ ಕೆಳಗಿಟ್ಟು, ಏನನ್ನೂ ಮುಚ್ಚಿಡದೆ ಹೇಳಿದಳು. ತಂಡ ಕಟ್ಟುವುದು, ತನ್ನ ನಂಬರು, ಹೃದಯ ಹಚ್ಚಿದವನು ತನ್ನ ಗಂಡ ಎಂಬುದು, ಎಲ್ಲ. ಫೋನು ತೆರೆದು ಮಹಾದೇವನದು, ಮಜರನದು, ಉಳಿದವರದನ್ನೂ ತೋರಿಸಿದಳು. ಚಂದಮ್ಮ ನೆಲ ನೋಡುತ್ತ ಎಲ್ಲ ಕೇಳಿಸಿಕೊಂಡಳು.

“ಕ್ರಿಕೆಟ್ಟೇನ್ರಿ?” ಎಂದಳು ಕಡೆಗೆ.

“ಹೌದ್ರಿ ಅಕ್ಕಾರ.”

“ಹೆಣ್ಣಾಗಿದ್ರ ಚಲೋ ಇತ್ರಿ. ಹೆಣ್ಣಿಗಾದ್ರ ವಯಸ್ಸಾಗ್ತದ. ಇದಕ್ಕ ಯಾವಾಗ ಆಗ್ತದ?”

ಮೃದುಲಾ ಹಗುರಾಗಲು ಬಂದಿದ್ದಳು. ತನ್ನ ಹೆಸರಿನ ಮೇಲಿನ ಮಸಿ ತೊಳೆದರೆ ಮುಗಿಯಿತು ಎಂದುಕೊಂಡಿದ್ದಳು. ಮಸಿಯೇನೋ ಹೋಯಿತು, ಹಗುರಾಗಲಿಲ್ಲ.

“ಅವರು ಲಿಂಗ ಮುಟ್ಟಿ ಆಣಿ ಮಾಡಿದ್ದು ನಿಮಗ ಗೊತ್ತಿತ್ತೇನ್ರಿ ಬಾಯಾರ?”

“ಗೊತ್ತಿತ್ತು.”

“ಮತ್ತ ನೀವ್ಯಾಕ ಇಸಗೊಂಡ್ರಿ?”

ಅವರು ಹಾಕಿದರು, ಬಂತು. ಮೃದುಲಾ ಇಷ್ಟನ್ನೇ ಹೇಳಹೊರಟಳು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಟಿಂಗ್ ಎಂದಿತು. ಖಂಡೆಪ್ಪ ಎಲ್ಲಿಂದಲೋ ಫೈನಲ್ಲಿನ ದುಡ್ಡು ಹಾಕಿದ್ದ. ದೊಡ್ಡ ಮೊತ್ತ. ಇಬ್ಬರೂ ಅದನ್ನು ನೋಡಿದರು.

ನಿಮ್ಮ ನಂಬರು ಹೇಳಿರಿ, ಇದನ್ನು ನಿಮಗೇ ಕಳಿಸುತ್ತೇನೆ ಎಂದಳು ಮೃದುಲಾ. ಚಂದಮ್ಮ ಬಟನ್ ಫೋನಿನ ನಂಬರು ಹೇಳಿದಳು. ಆದರೆ ತನ್ನ ಹೆಸರಿಗೆ ಬ್ಯಾಂಕಿನಲ್ಲಿ ಖಾತೆಯೇ ಇಲ್ಲ, ಇರುವುದು ಮನೆಯವರ ಮಂಡಿಯ ಖಾತೆಯೊಂದೇ, ಹೇಗೆ ಕಳಿಸಿದರೂ ಅಲ್ಲಿಗೇ ಹೋಗುತ್ತದೆ ಎಂದಳು. ಮೃದುಲಾ ನಂಬರು ಮಾತ್ರ ಬರೆದುಕೊಂಡಳು. ಎದ್ದು ಹೊರಟಾಗ ಚಂದಮ್ಮ ಕುಂಕುಮದ ಬಟ್ಟಲು ತಂದು ಹಣೆಗೆ ಹಚ್ಚಿ, ಒಂದು ಹಣಿಗೆ ಕೆಂಪು ಬಾಳೆಯನ್ನು ಉಡಿಗೆ ಹಾಕಿದಳು. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವ ಮನೆಯಲ್ಲ ಅದು. ಆ ಹಣ್ಣು ಮೃದುಲಾಳಿಗೆ ಬೈಗುಳಕ್ಕಿಂತ ಭಾರವಾಯಿತು.

ವಾಪಸು ಬಸ್ಸಿನಲ್ಲಿ ಕಿಟಕಿಗೆ ಆತು ಕೂತು, ಫೈನಲ್ಲಿಗೆ ಬಂದ ದುಡ್ಡನ್ನೆಲ್ಲ ಬಂದವರಿಗೇ ತಿರುಗಿಸಿದಳು. ಖಂಡೆಪ್ಪನದನ್ನೂ ಅವನಿಗೇ ಕಳಿಸಬೇಕಾಯಿತು. ಪ್ರತಿ ಸಲ ಪಿನ್ ಒತ್ತಿ ಒತ್ತಿ ಹೆಬ್ಬೆರಳು ಜೋಮು ಹಿಡಿಯಿತು. ಕೊನೆಗೆ ಗುಂಪಿನಲ್ಲಿ ಒಂದು ಸಾಲು ಬರೆದಳು: ಇನ್ನು ಮೇಲೆ ಯಾರೂ ನನ್ನ ನಂಬರಿಗೆ ಹಾಕಬಾರದು. ಟಿಂಗ್ ಟಿಂಗ್ ಎಂದು ಉತ್ತರಗಳು ಬಿದ್ದವು. ಏನಾಯಿತು ವೈನಿ ಎಂದು ಒಬ್ಬನೂ ಕೇಳಿರಲಿಲ್ಲ. ಮತ್ತೆ ಯಾರ ನಂಬರಿಗೆ ಹಾಕೋಣ ಎಂದು ಎಲ್ಲರೂ ಕೇಳಿದ್ದರು. ಫೋನನ್ನು ಬ್ಯಾಗಿಗೆ ತುರುಕಿ ಕಣ್ಣು ಮುಚ್ಚಿದಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಟಿವಿಯಲ್ಲಿ ನಾಳೆಯ ಫೈನಲ್ಲಿನ ಚರ್ಚೆ ನಡೆದಿತ್ತು. ಬಂಡು ಅದರ ಎದುರು ಕಾಲು ಚಾಚಿ ಕೂತಿದ್ದ. ಅವನ ತಾಯಿ ಪಾರ್ವತೀಬಾಯಿ, ಪ್ರವಚನ ಕೇಳಲೆಂದು ಮಗ ಕೊಡಿಸಿದ ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡುತ್ತಿದ್ದರು. ತೀರಿಹೋದ ಗಂಡನ ಪೆನ್ಷನ್ ಬಂದಾಗ ತಿಂಗಳಿಗೊಮ್ಮೆ ಮಾತ್ರ ಸದ್ದು ಮಾಡುವ ಫೋನು ಅದು.

“ಮೃದುಲಾ, ಇಲ್ಲಿ ನೋಡವಾ. ಆವಾಗಿಂದ ಟಿಂಗ್ ಟಿಂಗ್ ಅನಲಿಕತ್ತದ. ಖಂಡೆಪ್ಪ ಅಂತ ಯಾರೋ ನನಗ ರೊಕ್ಕ ಹಾಕ್ಯಾರ. ಯಾಕ ಹಾಕ್ಯಾರ?”

ಬಂಡು ತಾಯಿಯ ಬೆನ್ನ ಹಿಂದಿನಿಂದ ಕಣ್ಸನ್ನೆ ಮಾಡಿದ. ಸುಮ್ಮನಿರು, ನಾಳೆ ಒಂದು ದಿನ, ಎಂಬ ಅದೇ ಸನ್ನೆ.

ಮೃದುಲಾ ಹಣ್ಣಿನ ಚೀಲ ಕೆಳಗಿಟ್ಟಳು. ತನ್ನ ಫೋನು ತೆಗೆದು ಚಂದಮ್ಮನ ನಂಬರು ಒತ್ತಿದಳು. ಆ ಕಡೆಯಿಂದ ಯಾರ್ರೀ ಎಂದು ಕೇಳಿತು.

“ಅಕ್ಕಾರ, ನಾ ಮೃದುಲಾ. ನಮ್ಮ ಅತ್ತಿಯವರು ನಿಮಗೊಂದು ಮಾತು ಕೇಳ್ತಾರಂತ,” ಎಂದು ಫೋನನ್ನು ಅತ್ತೆಯ ಕಿವಿಗೆ ಕೊಟ್ಟಳು.

ಬಂಡು ಅರ್ಧ ಎದ್ದ. ಪಾರ್ವತೀಬಾಯಿ ಕೇಳುವುದನ್ನು ದೊಡ್ಡ ದನಿಯಲ್ಲೇ ಕೇಳುವವರು: “ಖಂಡೆಪ್ಪ ಅನ್ನವರು ನನಗ್ಯಾಕ ರೊಕ್ಕ ಹಾಕ್ಯಾರವಾ? ನೀ ಅವರಿಗೇನಾಗ್ಬೇಕು?”

ಆ ಕಡೆ ಚಂದಮ್ಮ ಮೊದಲಿನಿಂದ ಹೇಳತೊಡಗಿದಳು. ಬಳೆಯ ಮಾತು ಬಂದಿರಬೇಕು, ಪಾರ್ವತೀಬಾಯಿಯ ಕೈ ತಮ್ಮ ಬೋಳು ಮಣಿಕಟ್ಟಿನ ಮೇಲೆ ಹೋಯಿತು. ಮೃದುಲಾ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬಹಳ ದಣಿವಾಗಿತ್ತು. ಟಿವಿಯ ಗದ್ದಲದಲ್ಲಿ ಮಾತು ಕೇಳದೆ ಪಾರ್ವತೀಬಾಯಿ ಅದನ್ನು ಆರಿಸುವಂತೆ ಕೈಮಾಡಿದರು. ಮೃದುಲಾ ಏಳಲಿಲ್ಲ. ಬಂಡುವೇ ಹೋಗಿ ಆರಿಸಬೇಕಾಯಿತು.